ಕಟ್ಟಿಗೆಯ ಪಿಸ್ತೂಲು

ಭೀಮಾತೀರದ ದೇವಣಗಾಂವದಲ್ಲಿ ಶಾಲೆಯ ಮಕ್ಕಳಿಂದ ಹಲಗಲಿ ಬೇಡರ ನಾಟಕವನ್ನಾಡಿಸುವ ಹೊಣೆ ಒಮ್ಮೆ ನನ್ನ ಪಾಲಿಗೆ ಬಂದಿತು. 1857ರ ನಿಶ್ಶಸ್ತ್ರೀಕರಣದ ಕಾಯಿದೆಗೆ ಮಣಿಯದೆ, ಆಯುಧಗಳನ್ನೊಪ್ಪಿಸೆವೆಂದು ನಿಂತವರ ಕಥೆಯದು. ಆಂಗ್ಲ ಅಧಿಕಾರಿಯ ಪಾತ್ರಕ್ಕೊಂದು ರಿವಾಲ್ವರು ಬೇಕಾಯಿತು. ಕೈಯಲ್ಲಿದ್ದ ಹಣವೋ ಅತ್ಯಲ್ಪ.

ಜಾತ್ರೆಯ ಅಂಗಡಿಯ ಕೇಪಿನ ಪಿಸ್ತೂಲು ಅಗ್ಗವಾಗಿತ್ತು. ಆದರೆ ಅದರ ಆಕಾರ 1873ರ ಕೋಲ್ಟಿನದು. ಅಮೆರಿಕೆಯ ದನಗಾಹಿಗಳ ಚಲಚ್ಚಿತ್ರಗಳಿಂದ ಮನೆಮಾತಾದದ್ದು. ಪ್ರತಿಯೊಂದು ಗುಂಡಿಗೂ ಹಿಂಬದಿಯ ಸುತ್ತಿಗೆಯನ್ನು ಹೆಬ್ಬೆರಳಿನಿಂದ ಎಳೆದು ನಿಲ್ಲಿಸಬೇಕಾದ ಬಗೆ ಅದು. ಅಮೆರಿಕೆಯಲ್ಲಿ ಹಳೆಯ ವೇಷ ತೊಟ್ಟು ಗುರಿಯಾಟವಾಡುವವರು ಇಂದಿಗೂ ಇದನ್ನೇ ಬಳಸುತ್ತಾರೆ. ಮೂಲವಸ್ತು ದುಬಾರಿಯಾದುದರಿಂದ ಇಟಲಿಯ ಬ್ರೆಶಿಯಾ ಪ್ರಾಂತದ ಪ್ರತಿಕೃತಿಗಳನ್ನು ಕೊಳ್ಳುವವರೇ ಹೆಚ್ಚು. ಪ್ರತಿಕೃತಿಗಳಾದರೂ ಅವು ನಿಜವಾದ ಗುಂಡನ್ನೇ ಹಾರಿಸುವಂಥವು! ನಮ್ಮ ಕಥೆಗೆ 1851ರ ಕೋಲ್ಟು ಹೊಂದೀತು, 1873ರದು ಹೊಂದದು ಎಂದು ನಾನು ಪಾಂಡಿತ್ಯ ಮೆರೆಯುತ್ತಿದ್ದೆ.

ಆಗ ಪಾತ್ರಧಾರಿ ಹುಡುಗನ ತಾಯಿ ಬಂದಳು. “ಮಾಸ್ತರ, ಖರೇದ್ರಂಗ ಕಾಣೂದು ನನ್ನ ಮಗನ ಕೈಯಾಗ ಕೊಡಬ್ಯಾಡ್ರಿ” ಎಂದಳು. ಭೀಮಾತೀರವೆಂದರೆ ನಾಡಪಿಸ್ತೂಲು, ಹಗೆತನ ಎಂದು ವೃತ್ತಪತ್ರಿಕೆಗಳು ಬರೆದದ್ದನ್ನು ನಾನು ಓದಿ ಮಡಿಸಿಟ್ಟಿದ್ದೆ. ಅವಳು ಆ ಭಯದೊಡನೆ ಬಾಳಿದವಳು.

ನಾನು ಬಡಿಗೇರರ ಮನೆಗೆ ಹೋದೆ. ಅವರು ಉಳಿದ ತುಂಡಿನಲ್ಲಿ ಒಂದನ್ನು ಕೆತ್ತಿ, ಹಣ ಬೇಡವೆಂದರು. ಅದಕ್ಕೆ ಬಣ್ಣ ಬಳಿಯಲಿಲ್ಲ. ನಾಟಕದಂದು ಪರದೆಯ ಹಿಂದೆ ತಗಡು ಬಡಿದೆವು. ಬೇಡರು ಬಿದ್ದರು, ಜನ ಕಣ್ಣೊರೆಸಿಕೊಂಡರು. ಆ ತಾಯಿ ಮುಂದಿನ ಸಾಲಿನಲ್ಲಿ ನಿಶ್ಚಿಂತಳಾಗಿ ಕುಳಿತಿದ್ದಳು.