ಎಂಜಿನ್ನಿನ ಉಸಿರು

ಪುಣೆಯಿಂದ ಹೊರಟ 65ನೆಯ ರಾಷ್ಟ್ರೀಯ ಹೆದ್ದಾರಿಯು ಸೊಲ್ಲಾಪುರವನ್ನು ದಾಟಿ ಬೀದರ ಜಿಲ್ಲೆಯನ್ನು ಪ್ರವೇಶಿಸುತ್ತದೆ. ಹುಮನಾಬಾದಿನ ಮೇಲೆ ಹಾದು ಮನ್ನಾಏಖೇಳ್ಳಿಗೆ ಬರುತ್ತದೆ. ಅಲ್ಲಿಂದ ಮುಂದೆ ಜಹೀರಾಬಾದ್, ಹೈದರಾಬಾದ್, ವಿಜಯವಾಡಗಳ ಮಾರ್ಗವಾಗಿ ಸಾಗಿ ಮಚಲೀಪಟ್ಟಣದ ಕಡಲತೀರದಲ್ಲಿ ಕೊನೆಗೊಳ್ಳುತ್ತದೆ. ಈ ಹೆದ್ದಾರಿಯ ಅಂಚಿನಲ್ಲಿ ನಿಂತು ಕಿವಿಗೊಟ್ಟರೆ ಬಗೆಬಗೆಯ ಎಂಜಿನ್ನುಗಳ ಸದ್ದು ಕೇಳಿಬರುತ್ತದೆ. ಅಪರೂಪಕ್ಕೊಮ್ಮೆ ಕ್ರೀಡಾಕಾರೊಂದು ಹಾದುಹೋದರೆ ಅದರ ಧ್ವನಿಯೇ ಬೇರೆ. ಆ ಧ್ವನಿಯಲ್ಲಿ ಹೊಗೆಕೊಳವೆಯ ಗರ್ಜನೆಯೊಡನೆ ಎಂಜಿನ್ನು ಗಾಳಿಯನ್ನು ಎಳೆದುಕೊಳ್ಳುವ ಸದ್ದೂ ಬೆರೆತಿರುತ್ತದೆ. ಎಂಜಿನ್ನೂ ಉಸಿರಾಡುತ್ತದೆ. ಆ ಉಸಿರಿನ ವಿಚಾರವೇ ಈ ಪಾಠದ ವಸ್ತು.

ಪೆಟ್ರೋಲು ತಾನಾಗಿಯೇ ಉರಿಯಲಾರದು. ಅದಕ್ಕೆ ಗಾಳಿ ಬೇಕು. ಒಂದು ಕಿಲೋಗ್ರಾಂ ಪೆಟ್ರೋಲು ಸಂಪೂರ್ಣವಾಗಿ ಉರಿಯಲು ಸುಮಾರು 14.7 ಕಿಲೋಗ್ರಾಂ ಗಾಳಿ ಬೇಕಾಗುತ್ತದೆ. ಅಳತೆಯ ಲೆಕ್ಕದಲ್ಲಿ ಹೇಳುವುದಾದರೆ, ಒಂದು ಲೀಟರ್ ಪೆಟ್ರೋಲಿಗೆ ಸುಮಾರು 9,000 ಲೀಟರ್ ಗಾಳಿ! ಪಿಸ್ಟನ್ನು ಕೆಳಗಿಳಿಯುವಾಗ ಸಿಲಿಂಡರಿನೊಳಗೆ ಈ ಗಾಳಿ ನುಗ್ಗುತ್ತದೆ. ಅದರ ದಾರಿಯಲ್ಲಿ ತಿರುಗುವ ತೆಳುವಾದ ಬಿಲ್ಲೆಯೊಂದಿರುತ್ತದೆ. ಅದೇ ಥ್ರಾಟಲ್. ಚಾಲಕನು ಆಕ್ಸಿಲರೇಟರನ್ನು ಒತ್ತಿದಾಗ ಈ ಬಿಲ್ಲೆ ತೆರೆದುಕೊಳ್ಳುತ್ತದೆ. ಒಳಹೊಕ್ಕ ಗಾಳಿಗೆ ತಕ್ಕಷ್ಟು ಪೆಟ್ರೋಲು ಬಂದು ಸೇರುತ್ತದೆ.

ತೋಟದ ಕಾಲುವೆಯನ್ನು ನೆನಪಿಗೆ ತಂದುಕೊಳ್ಳಿರಿ. ಕಾಲುವೆಯ ತಲೆಯಲ್ಲಿ ಒಂದೇ ತೂಬಿದ್ದರೆ, ಅದನ್ನು ಎತ್ತಿದ ಮೇಲೂ ನೀರು ಕಾಲುವೆಯೆಲ್ಲ ತುಂಬಿ ಮಡಿಗಳನ್ನು ತಲುಪಲು ಸ್ವಲ್ಪ ಹೊತ್ತು ಹಿಡಿಯುತ್ತದೆ. ಪ್ರತಿಯೊಂದು ಮಡಿಯ ಬಾಯಲ್ಲಿಯೂ ತೂಬಿದ್ದರೆ ನೀರು ಕೂಡಲೇ ಒಳನುಗ್ಗುತ್ತದೆ. ಸಾಮಾನ್ಯ ಕಾರಿನಲ್ಲಿ ನಾಲ್ಕು ಸಿಲಿಂಡರುಗಳಿಗೂ ಸೇರಿ ಒಂದೇ ಥ್ರಾಟಲ್ ಇರುತ್ತದೆ. ಕೆಲವು ಕ್ರೀಡಾಕಾರುಗಳಲ್ಲಿ ಮಾತ್ರ ಸಿಲಿಂಡರಿಗೊಂದರಂತೆ ಥ್ರಾಟಲುಗಳಿರುತ್ತವೆ. ಅಲ್ಲಿ ಬಿಲ್ಲೆಗೂ ಸಿಲಿಂಡರಿಗೂ ನಡುವಿನ ಅಂತರ ಕಡಿಮೆ. ಆದುದರಿಂದ ಕಾಲು ಒತ್ತಿದೊಡನೆ ಎಂಜಿನ್ನು ಮಾರುತ್ತರ ಕೊಡುತ್ತದೆ.

ಈ ವ್ಯವಸ್ಥೆ ಹೊಸದೇನಲ್ಲ. ಇಟಲಿಯ ವೆಬರ್ ಕಂಪನಿಯ ಜೋಡಿಬಾಯಿಯ ಕಾರ್ಬ್ಯುರೇಟರುಗಳು ಪಂದ್ಯದ ಕಾರುಗಳಲ್ಲಿ ಬಹುಕಾಲದಿಂದ ಇದೇ ಕೆಲಸವನ್ನು ಮಾಡಿವೆ. 1986ರಲ್ಲಿ ಬಂದ ಬಿ.ಎಂ.ಡಬ್ಲ್ಯು. ಎಂ3 ಕಾರಿನಲ್ಲಿ ನಾಲ್ಕು, 1989ರ ನಿಸ್ಸಾನ್ ಸ್ಕೈಲೈನ್ ಜಿ.ಟಿ.-ಆರ್. ಕಾರಿನಲ್ಲಿ ಆರು ಥ್ರಾಟಲುಗಳಿದ್ದವು. ನಮ್ಮ ರಸ್ತೆಗಳಲ್ಲಿಯೇ ಉದಾಹರಣೆ ಬೇಕೆಂದರೆ ಮೋಟಾರ್ ಸೈಕಲುಗಳನ್ನು ನೋಡಬಹುದು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ತಯಾರಿಸುತ್ತಿದ್ದ ಹೆಚ್ಚಿನ ಯೆಜ್ಡಿ ಗಾಡಿಗಳಿಗೆ ಒಂದೇ ಸಿಲಿಂಡರು, ಒಂದೇ ಕಾರ್ಬ್ಯುರೇಟರು. ಅಲ್ಲಿ ಹೊಂದಿಸುವ ತೊಡಕೇ ಇರಲಿಲ್ಲ. 1983ರಲ್ಲಿ ಬಂದ ರಾಜದೂತ್ 350 ಗಾಡಿಗಾದರೋ ಎರಡು ಸಿಲಿಂಡರು, ಎರಡು ಕಾರ್ಬ್ಯುರೇಟರು. ಒಂದರ ತಂತಿ ತುಸು ಸಡಿಲವಾದರೂ ಎರಡೂ ಸಮನಾಗಿ ತೆರೆಯುತ್ತಿರಲಿಲ್ಲ. ಒಂದೇ ನೊಗಕ್ಕೆ ಹೂಡಿದ ಎತ್ತುಗಳಲ್ಲಿ ಒಂದು ಮುಂದೆ ಎಳೆದು ಇನ್ನೊಂದು ಹಿಂದುಳಿದಂತೆ ಗಾಡಿ ಮುಗ್ಗರಿಸುತ್ತಿತ್ತು.

ನಾಲ್ಕು ಥ್ರಾಟಲುಗಳನ್ನು ಜೋಡಿಸುವ ಕ್ರಮವನ್ನು ಈಗ ನೋಡೋಣ. ಪೆಟ್ರೋಲಿನ ಕೊಳವೆಯಲ್ಲಿ ಒತ್ತಡವಿರುತ್ತದೆ. ಆದುದರಿಂದ ಮೊದಲು ಆ ಒತ್ತಡವನ್ನು ಇಳಿಸಿ, ಬ್ಯಾಟರಿಯ ತಂತಿಯನ್ನು ಕಳಚಬೇಕು. ಬೆಂಕಿ ನಂದಿಸುವ ಸಾಧನ ಕೈಗೆಟಕುವಂತಿರಬೇಕು. ಅನಂತರ ಹಳೆಯ ಗಾಳಿಕೊಳವೆಯನ್ನು ಬಿಚ್ಚಿ, ಅಲ್ಲಿ ಹೊಸ ಕೊಳವೆಗಳನ್ನು ಗ್ಯಾಸ್ಕೆಟ್ಟಿನೊಡನೆ ಬಿಗಿಯಬೇಕು. ಕೂಡುವಲ್ಲಿ ಕೂದಲೆಳೆಯಷ್ಟು ಸಂದು ಉಳಿದರೂ ಅಳತೆಗೆ ಸಿಗದ ಗಾಳಿ ಒಳನುಸುಳುತ್ತದೆ. ಥ್ರಾಟಲಿನ ಬಾಯಿಗೆ ಕಹಳೆಯಾಕಾರದ ಕೊಳವೆಯನ್ನೂ, ಅದರ ಮೇಲೆ ಧೂಳು ತಡೆಯುವ ಶೋಧಕವನ್ನೂ ಕೂರಿಸುತ್ತಾರೆ. ಬ್ರೇಕಿಗೆ ನೆರವಾಗುವ ನಿರ್ವಾತದ ಕೊಳವೆಯನ್ನು ಮರೆಯದೆ ಜೋಡಿಸಬೇಕು. ಕೊನೆಯದಾಗಿ, ಎಂಜಿನ್ನನ್ನು ಚಾಲೂ ಮಾಡುವ ಮುನ್ನವೇ ಆಕ್ಸಿಲರೇಟರನ್ನು ಪೂರ್ತಿ ಒತ್ತಿ ಬಿಡಬೇಕು. ಬಿಲ್ಲೆಗಳು ತಡೆಯಿಲ್ಲದೆ ತೆರೆದು, ಸ್ಪ್ರಿಂಗಿನ ಸೆಳೆತದಿಂದ ತಾವಾಗಿಯೇ ಮುಚ್ಚಿಕೊಳ್ಳಬೇಕು. ತೆರೆದಂತೆಯೇ ಸಿಕ್ಕಿಕೊಂಡ ಥ್ರಾಟಲು ಪ್ರಾಣಕ್ಕೇ ಎರವಾಗಬಲ್ಲದು.

ಇಷ್ಟಾದರೆ ಅರ್ಧ ಕೆಲಸ ಮುಗಿಯಿತು. ಉಳಿದ ಅರ್ಧ, ಅವುಗಳನ್ನು ಸಮಗೊಳಿಸುವುದು. ಹೊಗೆಯಲ್ಲಿ ವಿಷಾನಿಲವಿರುವುದರಿಂದ ಈ ಕೆಲಸವನ್ನು ಬಯಲಿನಲ್ಲಿಯೇ ಮಾಡಬೇಕು. ಎಂಜಿನ್ನು ಬಿಸಿಯಾದ ಮೇಲೆ ಪ್ರತಿಯೊಂದು ಕಹಳೆಯ ಬಾಯಿಗೂ ಗಾಳಿಯ ಹರಿವನ್ನು ಅಳೆಯುವ ಮಾಪಕವನ್ನು ಹಿಡಿಯುತ್ತಾರೆ. ಗಂಟೆಗೆ ಇಷ್ಟು ಕಿಲೋಗ್ರಾಂ ಎಂದು ಮುಳ್ಳು ತೋರಿಸುತ್ತದೆ. ಒಂದು ಸಿಲಿಂಡರನ್ನು ಮಾದರಿಯಾಗಿ ಇಟ್ಟುಕೊಂಡು, ಥ್ರಾಟಲುಗಳ ನಡುವಿನ ಕೊಂಡಿಯ ತಿರುಪುಗಳನ್ನು ಎಳ್ಳಷ್ಟೆಳ್ಳಷ್ಟೇ ತಿರುಗಿಸುತ್ತಾ ಉಳಿದವುಗಳನ್ನು ಅದಕ್ಕೆ ಸರಿದೂಗಿಸುತ್ತಾರೆ. ಒಂದನ್ನು ತಿದ್ದಿದರೆ ಇನ್ನೊಂದು ಕದಲುತ್ತದೆ. ಆದುದರಿಂದ ಮತ್ತೆ ಮತ್ತೆ ಅಳೆಯಬೇಕು. ನಾಲ್ಕೂ ಸಮವಾದಾಗ ಎಂಜಿನ್ನಿನ ನಡುಕ ನಿಂತು ಸದ್ದು ನುಣುಪಾಗುತ್ತದೆ.

ಗಾಳಿ ಸಮವಾದ ಬಳಿಕ ಪೆಟ್ರೋಲಿನ ಸರದಿ. ಬಿಲ್ಲೆ ಎಷ್ಟು ತೆರೆದಿದೆ, ಎಂಜಿನ್ನು ಎಷ್ಟು ವೇಗವಾಗಿ ತಿರುಗುತ್ತಿದೆ ಎಂಬ ಎರಡು ಸಂಗತಿಗಳನ್ನು ತಿಳಿದು, ಎಷ್ಟು ಪೆಟ್ರೋಲು ಚಿಮುಕಿಸಬೇಕೆಂಬುದನ್ನು ಗಣಕವೊಂದು ಕೋಷ್ಟಕದಿಂದ ನಿರ್ಧರಿಸುತ್ತದೆ. ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಅಳೆದು ಆ ಕೋಷ್ಟಕವನ್ನು ತಿದ್ದುತ್ತಾರೆ. ಪೆಟ್ರೋಲು ಹೆಚ್ಚಾದರೆ ಸ್ಪಾರ್ಕ್ ಪ್ಲಗ್ಗಿಗೆ ಮಸಿ ಹಿಡಿಯುತ್ತದೆ, ಇಂಧನ ವ್ಯರ್ಥವಾಗುತ್ತದೆ. ಪೂರ್ಣ ಹೊರೆಯಲ್ಲಿ ಪೆಟ್ರೋಲು ಕಡಿಮೆಯಾದರೆ ಕಾವು ಮಿತಿಮೀರಿ ಪಿಸ್ಟನ್ನೇ ಕರಗಿ ತೂತು ಬೀಳಬಹುದು. ನಾಲ್ಕರಲ್ಲಿ ಒಂದು ಮಾತ್ರ ಹೆಚ್ಚು ಗಾಳಿ ಎಳೆಯುತ್ತಿದ್ದರೆ, ಕೆಡುವುದು ಅದೊಂದೇ ಆದರೂ ನಿಲ್ಲುವುದು ಇಡೀ ಎಂಜಿನ್ನು.

ಇಲ್ಲಿ ಊರಿನ ಎತ್ತರವೂ ಲೆಕ್ಕಕ್ಕೆ ಬರುತ್ತದೆ. ಹುಮನಾಬಾದ್, ಮನ್ನಾಏಖೇಳ್ಳಿಗಳ ಸೀಮೆ ಸಮುದ್ರಮಟ್ಟಕ್ಕಿಂತ 600 ಮೀಟರಿಗೂ ಎತ್ತರದಲ್ಲಿದೆ. ಇಷ್ಟು ಎತ್ತರದಲ್ಲಿ ಗಾಳಿ ಕಡಲತೀರದ ಗಾಳಿಗಿಂತ ಸುಮಾರು ಶೇಕಡಾ ಆರರಷ್ಟು ತೆಳುವಾಗಿರುತ್ತದೆ. ಮಚಲೀಪಟ್ಟಣದಲ್ಲಿ ಹದಗೊಳಿಸಿದ ಕಾರು ಇಲ್ಲಿಗೆ ಬಂದಾಗ, ಅದೇ ಕೋಷ್ಟಕವನ್ನು ನಂಬಿ, ಇಲ್ಲಿಗೆ ಬೇಕಾದುದಕ್ಕಿಂತ ಹೆಚ್ಚು ಪೆಟ್ರೋಲು ಸುರಿಯುತ್ತದೆ. ಇಲ್ಲಿ ಹದಗೊಳಿಸಿದ ಕಾರು ಕಡಲತೀರಕ್ಕೆ ಇಳಿದರೆ ದಟ್ಟವಾದ ಗಾಳಿಗೆ ಪೆಟ್ರೋಲು ಸಾಲದಾಗುತ್ತದೆ. ಅದೇ ಹೆಚ್ಚು ಅಪಾಯ. ಆದುದರಿಂದ ವಾಯುಭಾರವನ್ನು ಅಳೆದು ಕೋಷ್ಟಕವನ್ನು ತಾನಾಗಿಯೇ ತಿದ್ದಿಕೊಳ್ಳುವ ಸಾಧನವನ್ನೂ ಅಳವಡಿಸಬೇಕು. ಹೆದ್ದಾರಿ ಒಂದೇ ಆದರೂ ಅದರ ಉದ್ದಕ್ಕೂ ಗಾಳಿ ಒಂದೇ ಅಲ್ಲ.

ದಿನನಿತ್ಯದ ಓಡಾಟಕ್ಕೆ ಒಂದೇ ಥ್ರಾಟಲು ಧಾರಾಳವಾಗಿ ಸಾಕು. ಹಲವು ಥ್ರಾಟಲುಗಳನ್ನು ಕೂರಿಸಿದ ಮಾತ್ರಕ್ಕೆ ಕಾರಿನ ಶಕ್ತಿ ಬಹಳ ಹೆಚ್ಚುವುದೂ ಇಲ್ಲ. ಸಮಗೊಳಿಸದೆ ಬಿಟ್ಟರೆ ಅದು ಮೊದಲಿಗಿಂತ ಕೆಟ್ಟದಾಗಿ ಓಡುತ್ತದೆ. ಬೆಲೆಬಾಳುವ ಬಿಡಿಭಾಗಗಳನ್ನು ಹಣವಿದ್ದವರು ಕೊಳ್ಳಬಹುದು. ಅಳೆದು, ಆಲಿಸಿ, ತಿದ್ದಿ, ಮತ್ತೆ ಅಳೆಯುವ ತಾಳ್ಮೆಯನ್ನು ಮಾತ್ರ ಕಲಿತೇ ಪಡೆಯಬೇಕು. ಹೆದ್ದಾರಿಯ ಬದಿಯ ಸಣ್ಣ ಗ್ಯಾರೇಜಿನಲ್ಲಿ ಎಂಜಿನ್ನಿಗೆ ಕಿವಿಗೊಟ್ಟು ತಿರುಪನ್ನು ತಿರುಗಿಸುವ ಕುಶಲಕರ್ಮಿಯ ಕೈಯಲ್ಲಿಯೂ ಆ ವಿದ್ಯೆ ಇದೆ. ಮುಂದಿನ ಸಲ ಅವನ ಕೆಲಸವನ್ನು ಕಂಡಾಗ ಒಂದು ಕ್ಷಣ ನಿಂತು ನೀವೂ ಆಲಿಸಿರಿ.