ಅಚ್ಚಿಗಿಂತ ಮೊದಲು ಗಾಜನ್ನು ನೋಡಿ

ಹಳೆಯ ಎಲೆಕ್ಟ್ರಾನಿಕ್ ಡಿಸ್‌ಪ್ಲೇಯೊಂದು ಕೈಗೆ ಸಿಕ್ಕರೆ ಅದರ ವಯಸ್ಸು ತಿಳಿಯಲು ಎಲ್ಲರೂ ಮೊದಲು ಹುಡುಕುವುದು ಮೇಲೆ ಅಚ್ಚಾದ ಸಂಖ್ಯೆಯನ್ನು. ನನ್ನ ಪ್ರಕಾರ ಅದು ಎರಡನೆಯ ಕೆಲಸ. ಚಿಪ್‌ಗಳ ಮೇಲೆ ಸಾಮಾನ್ಯವಾಗಿ ನಾಲ್ಕಂಕಿಯ ತಾರೀಖಿನ ಗುರುತಿರುತ್ತದೆ. ಮೊದಲ ಎರಡು ಅಂಕಿ ವರ್ಷ, ಉಳಿದೆರಡು ವಾರ. ಹಾಗೆ ಓದಿದರೆ 7441 ಎಂದರೆ 1974ರ 41ನೇ ವಾರ. ತಮಾಷೆಯೆಂದರೆ, ಅಂಕಿ ತೋರಿಸುವ ಗಾಜಿನ ನಿಕ್ಸಿ ಟ್ಯೂಬನ್ನು ನಡೆಸುವ ಚಿಪ್ಪಿನ ಹೆಸರೇ 7441! ಏಳು ಗೆರೆಗಳಲ್ಲಿ ಅಂಕಿ ಮೂಡಿಸುವ ಡಿಸ್‌ಪ್ಲೇಗಳ 7447 ಚಿಪ್ಪೂ ಇದೇ ರೀತಿ ದಾರಿ ತಪ್ಪಿಸುತ್ತದೆ.

ಮೈಕಟ್ಟು ಇಷ್ಟು ಸುಲಭವಾಗಿ ಮೋಸ ಮಾಡುವುದಿಲ್ಲ. ಗಾಜಿನೊಳಗೆ ಅಂಕಿಯ ಆಕಾರದ ಲೋಹದ ತೆಳು ತುಂಡುಗಳು ಒಂದರ ಹಿಂದೊಂದು ನಿಂತಿದ್ದು, ಸುಮಾರು 170 ವೋಲ್ಟ್ ಕೊಟ್ಟಾಗ ಕಿತ್ತಳೆ ಬಣ್ಣದಲ್ಲಿ ಬೆಳಗಿದರೆ ಅದು ನಿಕ್ಸಿ. ಅಮೆರಿಕದ ಬರೋಸ್ ಕಂಪನಿ ಆ ಹೆಸರಿನಲ್ಲಿ ಇದನ್ನು ಮಾರುಕಟ್ಟೆಗೆ ತಂದದ್ದು 1955ರಲ್ಲಿ. ಹಸಿರು-ನೀಲಿಯಾಗಿ ಹೊಳೆಯುವ, ಅಂಕಿ ತೋರಿಸುವ ವ್ಯಾಕ್ಯೂಮ್ ಫ್ಲೋರೆಸೆಂಟ್ ಡಿಸ್‌ಪ್ಲೇ ಜಪಾನಿನಲ್ಲಿ ಬಂದದ್ದು 1967ರಲ್ಲಿ. ಅದಕ್ಕಿಂತ ಹಿಂದಿನದು ಎಂದು ಯಾರಾದರೂ ಹೇಳಿದರೆ ನಂಬಬೇಕಿಲ್ಲ. ನಿಕ್ಸಿಯಲ್ಲೂ 5ರ ಅಂಕಿಯನ್ನು ದಿಟ್ಟಿಸಿ ನೋಡಿ: ಅದು ತಲೆಕೆಳಗಾದ 2 ಆಗಿದ್ದರೆ ಸೋವಿಯತ್ ಒಕ್ಕೂಟದ ಐಎನ್-12 ಅಥವಾ ಐಎನ್-14 ಇರುವ ಸಾಧ್ಯತೆ ಹೆಚ್ಚು. ಅಂಕಿಗಳು ಟ್ಯೂಬಿನ ತುದಿಯಿಂದ ಕಂಡರೆ ಮೊದಲನೆಯದು, ಪಕ್ಕದಿಂದ ಕಂಡರೆ ಎರಡನೆಯದು. ಮೇಲಿನ ಶಾಯಿ ಅಳಿಸಿಹೋಗಿದ್ದರೂ ಇಷ್ಟನ್ನು ಹೇಳಬಹುದು.

ಗಾಜು ವರ್ಷವನ್ನು ಹೇಳುವುದಿಲ್ಲವಲ್ಲ ಎಂಬ ಆಕ್ಷೇಪ ಸರಿಯೇ. ಐಎನ್-14ನಂಥ ಟ್ಯೂಬುಗಳು ವರ್ಷಗಟ್ಟಲೆ ಹೆಚ್ಚು ಬದಲಾವಣೆಯಿಲ್ಲದೆ ತಯಾರಾದವು. ಇಂಥದೇ ವರ್ಷದ್ದು ಎನ್ನಲು ಅಚ್ಚೇ ಬೇಕು. ಕೆಲವು ಸೋವಿಯತ್ ಟ್ಯೂಬುಗಳ ಮೇಲೆ ತಿಂಗಳು ರೋಮನ್ ಅಂಕಿಯಲ್ಲಿ, ಪಕ್ಕದಲ್ಲೇ ವರ್ಷ ಇರುತ್ತದೆ. ಆದರೆ ಆ ಅಚ್ಚನ್ನು ಹೀಗೆ ಓದಬೇಕೆಂದು ತಿಳಿಯುವುದು ಟ್ಯೂಬು ಎಲ್ಲಿಯದು ಎಂದು ಗೊತ್ತಾದ ಮೇಲೆ ತಾನೆ? ಅಲ್ಲದೆ ಅಚ್ಚು ಹೇಳುವುದು ಬಿಡಿಭಾಗದ ಹುಟ್ಟನ್ನು, ಇಡೀ ಯಂತ್ರದ ಹುಟ್ಟನ್ನಲ್ಲ. ದಶಕಗಳ ಹಿಂದಿನ ದಾಸ್ತಾನಿನ ಟ್ಯೂಬುಗಳನ್ನು ಜೋಡಿಸಿ ಇಂದೂ ಗಡಿಯಾರ ಮಾಡುತ್ತಾರೆ. ಯಂತ್ರದ ಕಾಲ ತಿಳಿಯಲು ಒಳಗಿನ ಚಿಪ್ಪು, ಕೆಪಾಸಿಟರ್‌ಗಳ ತಾರೀಖುಗಳನ್ನೂ ನೋಡಬೇಕು. ರಿಪೇರಿಯಲ್ಲಿ ಬದಲಾದವನ್ನು ಬಿಟ್ಟರೆ, ಅವುಗಳಲ್ಲಿ ತೀರಾ ಈಚಿನದಕ್ಕಿಂತ ಹಿಂದೆ ಆ ಯಂತ್ರ ಹುಟ್ಟಿರಲಾರದು.

ಆದ್ದರಿಂದ ಹಳೆಯ ಟ್ಯೂಬು ಸಿಕ್ಕರೆ ಸ್ಪಿರಿಟ್ ಹಚ್ಚಿ ಉಜ್ಜಲು ಹೋಗಬೇಡಿ. ಶಾಯಿ ಕಿತ್ತುಬಂದರೆ ವರ್ಷವೂ ಅದರೊಂದಿಗೆ ಹೋಗುತ್ತದೆ. ಮೊದಲು ಎಲ್ಲ ಬದಿಯಿಂದಲೂ ಫೋಟೋ ತೆಗೆದಿಡಿ.