ಪೂರ್ವದ ಒಣನೆಲದಲ್ಲಿ ಸಾಹಸ ವಿಹಾರ: ದರಪಟ್ಟಿಗೆ ಬಾರದ ವೆಚ್ಚಗಳು

ಕರ್ನಾಟಕದಲ್ಲಿ ಮರುಭೂಮಿ ಇಲ್ಲವೆಂದು ಶಾಲೆಯ ಭೂಗೋಳ ಪಾಠದಲ್ಲಿ ಓದಿದ್ದೇವೆ. ಆದರೆ ರಾಜಸ್ಥಾನವನ್ನು ಬಿಟ್ಟರೆ ಬರಪೀಡಿತ ಪ್ರದೇಶ ಅತ್ಯಧಿಕವಾಗಿರುವ ರಾಜ್ಯ ನಮ್ಮದೇ. ಕಂಟೋನ್ಮೆಂಟ್ ನಿಲ್ದಾಣದಲ್ಲಿ ಮಾರಿಕುಪ್ಪಂ ರೈಲು ಹತ್ತಿದರೆ ಇದು ಕಣ್ಣಿಗೇ ಕಾಣುತ್ತದೆ. ಕೃಷ್ಣರಾಜಪುರ, ಮಾಲೂರು ದಾಟಿದಂತೆ ಹಸಿರು ವಿರಳವಾಗಿ, ಬಂಡೆಗಳು ಹೆಚ್ಚುತ್ತವೆ. ಜೀವನದಿಯೊಂದೂ ಇಲ್ಲದ ಕೋಲಾರ ಜಿಲ್ಲೆಯ ಆ ತುದಿಯಲ್ಲಿ, ಕೆಜಿಎಫ್‌ನ ಸೈನೈಡ್ ದಿಬ್ಬಗಳು ಮರಳುಗಾಡಿನ ತುಣುಕುಗಳಂತೆ ನಿಂತಿವೆ.

ಈ ಒಣನೆಲವೇ ಇಂದು ನಮ್ಮ ಸದಸ್ಯರಲ್ಲಿ ಅನೇಕರಿಗೆ ವ್ಯಾಪಾರವಾಗಿದೆ. ಶನಿವಾರ ರಾತ್ರಿ ಇಂದಿರಾನಗರದಲ್ಲಿಯೂ ಕೆ.ಆರ್. ಪುರದ ಟಿನ್ ಫ್ಯಾಕ್ಟರಿ ಬಳಿಯೂ ಟೆಂಪೋ ಟ್ರಾವೆಲರ್‌ಗಳು ಯುವಜನರನ್ನು ತುಂಬಿಕೊಂಡು ಹಳೆ ಮದ್ರಾಸು ರಸ್ತೆ ಹಿಡಿಯುತ್ತವೆ. ಸುಮಾರು 70 ಕಿ.ಮೀ. ದೂರದ ಅಂತರಗಂಗೆ ಬೆಟ್ಟದಲ್ಲಿ ಬಸವನ ಬಾಯಿಂದ ಹರಿಯುವ ನೀರನ್ನು ನೋಡುವುದು, ಹೆಬ್ಬಂಡೆಗಳ ನಡುವಿನ ಗುಹೆಗಳಲ್ಲಿ ತೆವಳುವುದು, ಹಗ್ಗ ಹಿಡಿದು ಬಂಡೆ ಇಳಿಯುವುದು ಕಾರ್ಯಕ್ರಮ. ವಾಹನ ಬಾಡಿಗೆ, ಊಟದ ಪೂರೈಕೆ, ಡೇರೆ ಮತ್ತು ಬೆನ್ನುಚೀಲಗಳ ಹೊಲಿಗೆ ಎಲ್ಲವೂ ಇದರ ಬೆನ್ನಿಗಿವೆ. ಇದು ಚಿಲ್ಲರೆ ವಿಷಯವಲ್ಲ. ವೈಲ್ಡ್‌ಕ್ರಾಫ್ಟ್ ಹುಟ್ಟಿ ಬೆಳೆದದ್ದು ಬೆಂಗಳೂರಿನಲ್ಲಿಯೇ. ಫ್ರಾನ್ಸ್‌ನ ಡೆಕಾಥ್ಲಾನ್ 2009ರಲ್ಲಿ ಭಾರತದ ಮೊದಲ ಮಳಿಗೆಗೆ ಆರಿಸಿಕೊಂಡದ್ದೂ ಈ ಊರನ್ನೇ.

ನನ್ನ ಕಕ್ಷಿದಾರರೊಬ್ಬರು ಹಲಸೂರಿನಲ್ಲಿ ಚೀಲ ಹೊಲಿಸುತ್ತಿದ್ದರು. ಚಾರಣಿಗರಿಗೆ ಚೀಲ ಮಾರುತ್ತ, ಚಾರಣವನ್ನೇ ಏಕೆ ಮಾರಬಾರದೆಂದು ಯೋಚಿಸಿ ವಾರಾಂತ್ಯದ ಪ್ರವಾಸ ಆರಂಭಿಸಿದರು. ಮೊದಲ ವರ್ಷದ ಲಾಭವನ್ನು ಕಂಡು ನನಗೂ ಸಂತೋಷವಾಯಿತು. ಖರ್ಚಿನ ಪಟ್ಟಿ ಇಷ್ಟು ಚಿಕ್ಕದೇಕೆಂದು ನಾನು ಕೇಳಬೇಕಿತ್ತು, ಕೇಳಲಿಲ್ಲ. ಎರಡನೆಯ ಬೇಸಿಗೆಯಲ್ಲಿ ಕೋಲಾರದ ಬಳಿಯ ಗುಡ್ಡವೊಂದರಲ್ಲಿ ರಾತ್ರಿ ಇಳಿಯುವಾಗ ಯುವತಿಯೊಬ್ಬಳು ಜಾರಿ ಬಿದ್ದು, ಕಣಕಾಲಿನ ಮೂಳೆ ಎರಡು ಕಡೆ ಮುರಿಯಿತು. ತಂಡದಲ್ಲಿ ಸ್ಟ್ರೆಚರ್ ಇರಲಿಲ್ಲ. ಮೂವತ್ತು ಜನರಿಗೆ ಇದ್ದ ಮಾರ್ಗದರ್ಶಿ ಒಬ್ಬನೇ. ಮರುದಿನ ಕಕ್ಷಿದಾರರು ನನ್ನ ಮೇಜಿನ ಮೇಲೆ ಒಂದು ಕಾಗದವಿಟ್ಟರು. "ಏನೇ ಆದರೂ ನಾನೇ ಹೊಣೆ ಎಂದು ಆಕೆ ಸಹಿ ಹಾಕಿದ್ದಾಳೆ ಸಾರ್, ಇಷ್ಟು ಸಾಲದೇ?" ಎಂದರು.

ಸಾಲದು. ಹಣ ಪಡೆದು ಸೇವೆ ಕೊಟ್ಟವರು 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ವ್ಯಾಪ್ತಿಗೆ ಬರುತ್ತಾರೆ. ಸಂಘಟಕರದ್ದೇ ನಿರ್ಲಕ್ಷ್ಯವಿದ್ದಾಗ ಗ್ರಾಹಕರ ಸಹಿ ರಕ್ಷಣೆ ನೀಡುತ್ತದೆಂದು ನಂಬಿ ಕೂರುವಂತಿಲ್ಲ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯ 2018ರಲ್ಲಿ ಹೊರತಂದ ಸಾಹಸ ಪ್ರವಾಸೋದ್ಯಮದ ಮಾರ್ಗಸೂಚಿಯಲ್ಲಿ ತರಬೇತಾದ ಮಾರ್ಗದರ್ಶಿ, ಸಲಕರಣೆಗಳ ತಪಾಸಣೆ, ತುರ್ತು ಯೋಜನೆ ಇವೆಲ್ಲ ಬರೆದಿಟ್ಟಿವೆ. ವ್ಯಾಜ್ಯವಾದರೆ ಎದುರು ಪಕ್ಷದ ವಕೀಲರು ಮೊದಲು ತೆರೆಯುವುದು ಆ ಪುಸ್ತಕವನ್ನೇ. ಕಕ್ಷಿದಾರರು ಶಸ್ತ್ರಚಿಕಿತ್ಸೆಯ ಪೂರ್ತಿ ವೆಚ್ಚವನ್ನು ಕೈಯಿಂದ ಭರಿಸಿ ರಾಜಿಯಾದರು. ಎರಡು ಹಂಗಾಮುಗಳ ಲಾಭ ಅದರಲ್ಲಿಯೇ ಕರಗಿತು. ಆ ಹುಡುಗಿ ಮತ್ತೆ ನೆಟ್ಟಗೆ ನಡೆಯಲು ಏಳು ತಿಂಗಳು ಹಿಡಿಯಿತು.

ಬಳಿಕ ನಾವಿಬ್ಬರೂ ಕುಳಿತು ದರಪಟ್ಟಿಯನ್ನು ಹೊಸದಾಗಿ ಬರೆದೆವು. ಮೊದಲನೆಯದು ತೆರಿಗೆ. ಸೇವಾ ವಹಿವಾಟು ವರ್ಷಕ್ಕೆ 20 ಲಕ್ಷ ರೂ. ಮೀರಿದರೆ ಜಿಎಸ್‌ಟಿ ನೋಂದಣಿ ಆಗಬೇಕು. ಚೀಲದ ವ್ಯಾಪಾರಕ್ಕೆ ಈಗಾಗಲೇ ನೋಂದಣಿ ಇದ್ದವರಿಗೆ ಆ ಮಿತಿಯ ವಿನಾಯಿತಿಯೂ ಇಲ್ಲ. ಪ್ರವಾಸ ಸಂಘಟಕರ ಸೇವೆಗೆ ಒಟ್ಟು ಮೊತ್ತದ ಮೇಲೆ ಶೇ. 5 ತೆರಿಗೆ. ತಲೆಗೆ 1,000 ರೂ. ಎಂದು ತೆರಿಗೆ ಸೇರಿಸಿಯೇ ಪಡೆದರೆ ಕೈಗುಳಿಯುವುದು 952 ರೂ. ಮಾತ್ರ. ಈ ದರದಲ್ಲಿ ಹಗ್ಗ, ಶಿರಸ್ತ್ರಾಣ, ಡೇರೆಗಳ ಖರೀದಿಗೆ ಕಟ್ಟಿದ ತೆರಿಗೆಯ ಹೂಡುವಳಿ ಜಮೆ ಸಿಗುವುದಿಲ್ಲ. ಅದನ್ನು ವೆಚ್ಚಕ್ಕೇ ಸೇರಿಸಬೇಕು. ನಮ್ಮವರು ಹೆಚ್ಚಾಗಿ ಎಡವುವುದು ಇಲ್ಲಿಯೇ.

ಡೇರೆ ಹೊಲಿಯುವ ಸದಸ್ಯರಿಗೆ ಇನ್ನೊಂದು ಮಾತು. 2025ರ ಸೆಪ್ಟೆಂಬರ್ 22ರಿಂದ 2,500 ರೂ. ವರೆಗಿನ ಡೇರೆಗೆ ಶೇ. 5, ಅದಕ್ಕೂ ಮೇಲ್ಪಟ್ಟುದಕ್ಕೆ ಶೇ. 18. ಹಿಂದೆ 1,000 ರೂ. ದಾಟಿದ ಎಲ್ಲ ಡೇರೆಗಳಿಗೂ ಶೇ. 12 ಇತ್ತು. ಹೀಗಾಗಿ 2,400 ರೂಪಾಯಿಯ ಡೇರೆ ಗ್ರಾಹಕನಿಗೆ ಅಗ್ಗವಾಗಿದೆ, 2,600ರದು ತುಟ್ಟಿಯಾಗಿದೆ. ಬೆಲೆ ಗೊತ್ತುಪಡಿಸುವಾಗ ಈ ಗೆರೆ ನೆನಪಿರಲಿ.

ಹಗ್ಗದ ವಿಷಯ ನನಗೆ ಹೊಸ ಪಾಠವಾಯಿತು. ಆದಾಯ ತೆರಿಗೆಯ ಲೆಕ್ಕದಲ್ಲಿ ಯಂತ್ರ ಸಲಕರಣೆಗಳಿಗೆ ಶೇ. 15 ಸವಕಳಿ ಬರೆಯುತ್ತೇವೆ. ಹಗ್ಗಕ್ಕೆ ಆ ಲೆಕ್ಕ ತಿಳಿಯದು. ಮೇಲೇರುವವನು ಬಿದ್ದಾಗ ಹಿಗ್ಗಿ ಆಘಾತವನ್ನು ಹೀರುವ ಹಗ್ಗ ಬೇರೆ, ಇಳಿಯಲು ಬಳಸುವ ಹೆಚ್ಚು ಹಿಗ್ಗದ ಹಗ್ಗ ಬೇರೆ. ಒಂದೇ ದೊಡ್ಡ ಬೀಳಿಕೆ ಅಥವಾ ಚೂಪಾದ ಬಂಡೆಯಂಚಿನ ಒಂದು ಉಜ್ಜುವಿಕೆ, ನಿನ್ನೆ ಕೊಂಡ ಹಗ್ಗವನ್ನೂ ನಿರುಪಯುಕ್ತ ಮಾಡಬಲ್ಲದು. ಬಿಸಿಲು ನೈಲಾನ್ ಎಳೆಗಳನ್ನು ತಿನ್ನುತ್ತದೆ. ಆದುದರಿಂದ ಪ್ರತಿ ಹಗ್ಗಕ್ಕೂ ಒಂದು ಸಂಖ್ಯೆ, ಖರೀದಿಯ ದಿನಾಂಕ, ಬಳಸಿದ ದಿನಗಳು, ಬೀಳಿಕೆಗಳು ಎಂಬ ವಹಿ ತೆರೆದೆವು. ಹಾರ್ಡ್‌ವೇರ್ ಅಂಗಡಿಯ ಕಟ್ಟುಹಗ್ಗಕ್ಕೆ ಆ ವಹಿಯಲ್ಲಿ ಜಾಗವೇ ಇಲ್ಲ.

ವಿಮೆಯಲ್ಲಿ ಎರಡು ಬಾಬ್ತು: ಬಂದವರಿಗೆ ಗುಂಪು ಅಪಘಾತ ವಿಮೆ, ಸಂಸ್ಥೆಗೆ ಸಾರ್ವಜನಿಕ ಹೊಣೆಗಾರಿಕೆ ವಿಮೆ. ಅನೇಕ ಪಾಲಿಸಿಗಳು ಸಾಹಸ ಕ್ರೀಡೆಯನ್ನು ಹೊರಗಿಡುತ್ತವೆ. ಹೊರಗಿಟ್ಟ ಬಾಬ್ತುಗಳ ಪುಟವನ್ನು ಮೊದಲು ಓದಿ, ಆಮೇಲೆ ಕಂತು ಕಟ್ಟುವುದು ಲೇಸು.

ಅನುಮತಿಯನ್ನೂ ಬರಹದಲ್ಲಿಯೇ ಪಡೆಯಬೇಕು. 2024ರ ಜನವರಿಯಲ್ಲಿ ಕುಮಾರಪರ್ವತದ ದಾರಿಯಲ್ಲಿ ಜನಸಾಗರ ಸೇರಿದ ಮೇಲೆ ಅರಣ್ಯ ಇಲಾಖೆ ಆನ್‌ಲೈನ್ ಕಾಯ್ದಿರಿಸುವಿಕೆ ಇಲ್ಲದ ಚಾರಣಗಳನ್ನು ತಡೆದು, ಅದೇ ವರ್ಷ ಅರಣ್ಯ ವಿಹಾರ ಎಂಬ ಜಾಲತಾಣ ತೆರೆಯಿತು. ಅದರಡಿ ಒಂದು ದಾರಿಯಲ್ಲಿ ದಿನಕ್ಕೆ 300 ಜನರ ಮಿತಿ ಬಂತು.

ಇನ್ನು ಕೆಜಿಎಫ್ ದಿಬ್ಬಗಳು. ಛಾಯಾಚಿತ್ರಕ್ಕೆ ಸೊಗಸಾಗಿವೆ, ಅಲ್ಲಿಗೆ ಕರೆದೊಯ್ಯುವಂತೆ ಗ್ರಾಹಕರು ಕೇಳುವುದೂ ಸಹಜ. ಆದರೆ ಅವು ಮರಳಲ್ಲ. ಅದಿರನ್ನು ಪುಡಿಮಾಡಿ, ಸೈನೈಡ್ ಬಳಸಿ ಚಿನ್ನ ತೆಗೆದ ಮೇಲೆ ಉಳಿದ ಧೂಳು. ಗಾಳಿ ಎದ್ದರೆ ಅದು ಊರಿನ ಮನೆಗಳ ಒಳಗೇ ಇಳಿಯುತ್ತದೆ. ಮಳೆ ಕೊರೆದ ಅಂಚುಗಳು ಕುಸಿಯುತ್ತವೆ. ಗಣಿ 2001ರ ಫೆಬ್ರವರಿ 28ರಂದು ಮುಚ್ಚಿದರೂ ದಿಬ್ಬಗಳು ಅನಾಥವಾಗಿಲ್ಲ. ಸುಮಾರು 1,003 ಎಕರೆಯಲ್ಲಿರುವ 13 ದಿಬ್ಬಗಳಲ್ಲಿ ಮತ್ತೆ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ 2024ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿಗೆ ನೀಡಿದೆ. ಅಲ್ಲಿ ಡೇರೆ ಹೂಡುವ ಯೋಜನೆಯನ್ನು ನಾನು ಕಕ್ಷಿದಾರರ ಪಟ್ಟಿಯಿಂದ ಕೆಂಪು ಶಾಯಿಯಲ್ಲಿ ಹೊಡೆದುಹಾಕಿದೆ.

ಹೊಸ ಲೆಕ್ಕದಂತೆ ಅವರ ದರ 1,000 ರೂ.ನಿಂದ 1,650 ರೂ.ಗೆ ಏರಿತು. ಹತ್ತು ಜನಕ್ಕೆ ಒಬ್ಬ ಮಾರ್ಗದರ್ಶಿ, ತಲೆಗೆ ಮೂರು ಲೀಟರ್ ನೀರು, ಮಾರ್ಚಿಯಿಂದ ಮೇವರೆಗೆ ಹಗಲಿನ ಚಾರಣ ಬಂದ್. ಮೊದಲ ಮೂರು ವಾರ ಟೆಂಪೋ ಅರ್ಧ ಖಾಲಿ ಹೋಯಿತು. ಅವರು ಪ್ರತಿ ಸೋಮವಾರ ನನಗೆ ದೂರವಾಣಿ ಮಾಡಿ ಬೈಯದೆ ಬೈಯುತ್ತಿದ್ದರು. ನಾಲ್ಕನೆಯ ವಾರ ಒಂದು ಕಾರ್ಖಾನೆಯ ಸಿಬ್ಬಂದಿ ವಿಭಾಗದವರು ವಿಮಾಪತ್ರ ಮತ್ತು ಹಗ್ಗದ ವಹಿಯ ಪ್ರತಿ ಕೇಳಿ, ನಲವತ್ತು ಜನರಿಗೆ ಕಾಯ್ದಿರಿಸಿದರು.